ಊ ಲುನ್ ಮೌಂಗ್ ಕೂಗಿದ ಸಮಪಾಲು

ನಮ್ಮ ತಬೇಗೋನಿನಲ್ಲಿ ಗಂಡುಮಗು ಹುಟ್ಟಿದರೆ ತಾಯಿ ತೊಟ್ಟಿಲು ಕಟ್ಟುವ ಮೊದಲೇ ಮೂವರ ಹೆಸರು ಹೇಳುತ್ತಿದ್ದಳು. ಮಗ ಬೆಳೆದ ಮೇಲೆ ತಲೆ ಬೋಳಿಸಿಕೊಂಡು ಕೆಲವು ದಿನವಾದರೂ ಬೌದ್ಧ ಭಿಕ್ಷುಗಳ ವಿಹಾರದಲ್ಲಿ ಇದ್ದು ಬರಬೇಕು. ಅದಕ್ಕೂ ಮೊದಲು ರಾಜಕುಮಾರನ ವೇಷ ತೊಟ್ಟು ಕುದುರೆಯ ಮೇಲೆ ಊರು ಸುತ್ತಬೇಕು. ಆ ವೇಷದ ಕೋಟಿಗೆ ಚಮಕಿ ಹೊಲಿಯುವವನು ದರ್ಜಿ ಯಾಕೂಬ್. ಕೋಟು, ಕಿರೀಟ, ಹೊನ್ನಿನ ಬಣ್ಣದ ಕೊಡೆ ಬಾಡಿಗೆಗೆ ಕೊಡುವವಳು ನಾನು, ಮೋ. ಇಡೀ ದೀಕ್ಷೆಯ ಸಮಾರಂಭವನ್ನು ಮೈಕಿನ ಮುಂದೆ ಹಾಡಿ, ಕೂಗಿ, ಅಳಿಸಿ, ನಗಿಸಿ ನಡೆಸಿಕೊಡುವವರು ಸಯಾ ಊ ಲುನ್ ಮೌಂಗ್. ಅಂಥ ವಿದ್ಯೆ ಬಲ್ಲವರನ್ನೂ ನಾವು ಮೇಷ್ಟರನ್ನು ಕರೆದ ಹಾಗೆ ಸಯಾ ಎಂದೇ ಕರೆಯುತ್ತೇವೆ, ಊ ಅನ್ನುವುದು ಹಿರಿಯರ ಹೆಸರಿಗೆ ಸೇರಿಸುವ ಮರ್ಯಾದೆ. ಈ ಊರಿನ ಅರ್ಧ ಗಂಡಸರನ್ನು ವಿಹಾರದ ಮೆಟ್ಟಿಲು ಹತ್ತಿಸಿದ್ದು ನಾವು ಮೂವರು, ಮೂವರಲ್ಲಿ ಒಬ್ಬ ಶುಕ್ರವಾರ ಮಸೀದಿಗೆ ಹೋಗುವವನು. ಆಗ ಅದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ.

ಸಯಾ ತಾಳೆಮರ ಹತ್ತುವವನ ಮಗ. ಅಪ್ಪ ದೂರದ ಮರಗಳಲ್ಲಿ ಇರುವಾಗ ಊಟಕ್ಕೆ ಕರೆಯುವುದು ಮಗನ ಕೆಲಸ. ಗುಡಿಸಲ ಬಾಗಿಲಲ್ಲಿ ನಿಂತು ಕೂಗಿದರೆ ಎಳ್ಳಿನ ಹೊಲ ದಾಟಿ ಹೋಗಿ ಮರದ ತುದಿಯಲ್ಲಿದ್ದವನ ಕಿವಿಗೆ ಮುಟ್ಟುತ್ತಿತ್ತಂತೆ. ಓದು ಹತ್ತಲಿಲ್ಲ, ಮದುವೆ ಆಗಲಿಲ್ಲ, ಮರ ಹತ್ತುವುದಕ್ಕೆ ಹೆದರಿಕೆ. ದೇವರು ಕೊಟ್ಟಿದ್ದು ಆ ಗಂಟಲು ಒಂದೇ. ಕೋಳಿಯಷ್ಟು ಮೈ, ಕೋಣದಷ್ಟು ಗಂಟಲು ಎಂದು ನಾನೇ ಅವರನ್ನು ಎಷ್ಟೋ ಸಲ ಆಡಿಕೊಂಡಿದ್ದೇನೆ. ಅದಕ್ಕೆ ಅವರು, "ಮೋ, ನಿನಗೆ ಎರಡೂ ಕೋಣದಷ್ಟೇ ಕೊಟ್ಟವ್ನಲ್ಲ, ಸುಮ್ಮನಿರು," ಅನ್ನುತ್ತಿದ್ದರು.

ದಾನ ಕೊಟ್ಟ ಮೇಲೆ ನಮ್ಮಲ್ಲಿ ಒಂದು ಕ್ರಮ ಉಂಟು. ದಾನಿ ಹೂಜಿಯಿಂದ ತಟ್ಟೆಗೆ ಹನಿ ಹನಿಯಾಗಿ ನೀರು ಬಿಡುತ್ತಾನೆ. ಬಂದ ಪುಣ್ಯವನ್ನು ಒಬ್ಬನೇ ಇಟ್ಟುಕೊಳ್ಳಬಾರದು, ಹಂಚಬೇಕು. ಆಗ ಸಯಾ ಎದ್ದು ನಿಂತು, "ಸಮಪಾಲು, ಸಮಪಾಲು, ಸಮಪಾಲು, ಎಲ್ಲರೂ ತಗೊಂಡು ಹೋಗೀ..." ಎಂದು ಕೂಗಿ ಗಂಟೆ ಬಾರಿಸುತ್ತಿದ್ದರು. ಕೇಳಿಸಿಕೊಂಡವರೆಲ್ಲ "ಸಾಧು, ಸಾಧು, ಸಾಧು" ಅನ್ನಬೇಕು. ಅಂದವರಿಗೆ ಪಾಲು ಬಂತು. ಒಂದು ಕಾಸು ಕೊಡದವನಿಗೂ, ಬಸ್ಸಿನ ಕಿಟಕಿಯಲ್ಲಿ ತಲೆ ಹಾಕಿ ಅಂದವನಿಗೂ ದಾನಿಯಷ್ಟೇ ಪಾಲು. ಬಾಯಿಂದ ಬಂದ ಒಂದು ಮಾತಿಗೆ ಅಷ್ಟು ಬೆಲೆ.

ಯಾಕೂಬನ ಅಂಗಡಿ, ಮನೆ ಎರಡೂ ಚೌಕದ ಪಕ್ಕದಲ್ಲೇ, ನನ್ನ ಹಿತ್ತಿಲ ಗೋಡೆಗೆ ತಾಗಿಕೊಂಡು. ಸಯಾ ಕೂಗಿದಾಗ ಹೊಲಿಗೆ ನಿಲ್ಲಿಸದೆ, "ಸಯಾ, ನನ್ನ ಪಾಲು ಮೂಲೇಲಿ ಎತ್ತಿಡಿ. ಸತ್ತ ಮೇಲೆ ನಮ್ಮೋರು ಒಳಗೆ ಬಿಡದಿದ್ರೆ ನಿಮ್ಮ ಕಡೆ ಬಾಗಿಲು ತಟ್ತೀನಿ," ಅನ್ನುತ್ತಿದ್ದ.

"ನಮ್ಮ ಕಡೇನೂ ಸೀಟಿಲ್ಲ ಕಣಯ್ಯ. ಮೋ ಒಬ್ಬಳೇ ಮೂರು ಜನರ ಜಾಗ ಹಿಡಿದವ್ಳೆ."

ಅವನ ಹೆಂಡತಿ ಮರಿಯಂ ಒಳಗಿನಿಂದ ನಗುತ್ತಿದ್ದಳು. ಹಬ್ಬಕ್ಕೆ ಅವಳು ಮಾಡುವ ಶಾವಿಗೆಯಲ್ಲಿ ಮೊದಲ ಬಟ್ಟಲು ಸಯಾಗೆ. ಒಂಟಿ ಮನುಷ್ಯ, ಹೊಟ್ಟೆಗೆ ಏನು ಮಾಡಿಕೊಳ್ಳುತ್ತಾರೋ ಎಂಬ ಮರುಕ. ಮಗಳು ನಿಲಾ ಅದನ್ನು ಎರಡೂ ಕೈಯಲ್ಲಿ ಹಿಡಿದು ತರುತ್ತಿದ್ದಳು.

ಹೀಗಿರುವಾಗ ಚುನಾವಣೆಯ ಮಾತು ಶುರುವಾಯಿತು, ಅದರ ಹಿಂದೆಯೇ ದೂರದ ದೊಡ್ಡ ಊರಿನಿಂದ ಒಬ್ಬ ಪ್ರವಚನಕಾರ ಭಿಕ್ಷು ಬಂದರು. ಹೆಸರು ಬೇಡ, ನನ್ನ ನಾಲಗೆ ಮಡಿ. ಫುಟ್‌ಬಾಲ್ ಮೈದಾನದಲ್ಲಿ ಎರಡು ಸಂಜೆ ಪ್ರವಚನ, ಖರ್ಚೆಲ್ಲ ಎಣ್ಣೆ ಗಾಣದ ಊ ಟುನ್ ಅವರದು. ಅವರು ಚುನಾವಣೆಗೆ ನಿಲ್ಲುವವರಿದ್ದರು. ಮೈಕಿನ ಕೆಲಸಕ್ಕೆ ಸಯಾ ಅಲ್ಲದೆ ಇನ್ಯಾರು?

ನಮ್ಮ ಕಡೆಯ ಪ್ರವಚನಕ್ಕೂ ಒಂದು ಪದ್ಧತಿ. ಭಿಕ್ಷುಗಳು ವಾಕ್ಯ ಮುಗಿಸುವುದಿಲ್ಲ. "ಹೆತ್ತವರನ್ನು ನೋಡಿಕೊಂಡವನಿಗೆ ಸಿಗುವುದು..." ಎಂದು ಬಾಯಿ ಮುಚ್ಚುತ್ತಾರೆ, ಜನ "ಪುಣ್ಯ, ಬುದ್ಧೀ" ಎಂದು ಮುಗಿಸುತ್ತಾರೆ. ಕೂತವರು ತೂಕಡಿಸಬಾರದೆಂದು ಹಿರಿಯರು ಮಾಡಿದ ಉಪಾಯ ಇರಬೇಕು. ವೇದಿಕೆಯ ಕೆಳಗೆ ಇನ್ನೊಂದು ಮೈಕು ಹಿಡಿದು ಕೂತ ಸಯಾ ಮೊದಲು ಆ ಪದ ಎತ್ತಿಕೊಡಬೇಕು, ಅವರ ಹಿಂದೆ ಊರು. ಮೂವತ್ತು ವರ್ಷದಿಂದ ಮಾಡಿಕೊಂಡು ಬಂದ ಕೆಲಸ ಅದು. ಅರ್ಧ ನಿಂತ ವಾಕ್ಯ ಕಿವಿಗೆ ಬಿದ್ದರೆ ಅವರ ಬಾಯಿ ತಾನಾಗಿ ತೆರೆಯುತ್ತಿತ್ತು.

ಮೊದಲ ಸಂಜೆ ದಾನ, ಶೀಲ, ತಾಯಿತಂದೆ ಎಂದು ಸಾದಾ ವಿಷಯ. ಆದರೆ ಗಾಳಿ ಎದ್ದು ಮೈದಾನದ ಧೂಳೆಲ್ಲ ಸಯಾ ಗಂಟಲಿಗೆ ಹೋಯಿತು. ಪ್ರವಚನ ಮುಗಿಯುವ ಹೊತ್ತಿಗೆ ಅವರ ಧ್ವನಿ ಒಡೆದ ಮಡಕೆ. "ನಾಳೆಗೆ ಬೇರೆಯವರನ್ನ ಕರೆಸಿ, ನನ್ನಿಂದಾಗಲ್ಲ," ಎಂದು ಊ ಟುನ್ ಅವರಿಗೆ ಹೇಳಿಯೂ ಬಂದಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಗೇಟಿಗೆ ಒಂದು ಬಾಳೆಲೆ ಪೊಟ್ಟಣ ನೇತುಹಾಕಿದೆ. ಒಳಗೆ ಕುಟ್ಟಿದ ಶುಂಠಿ, ತಾಳೆಬೆಲ್ಲ ಸೇರಿಸಿ ಕಟ್ಟಿದ ಉಂಡೆಗಳು. ಯಾರದೆಂದು ಹೆಸರಿಲ್ಲ. ಪ್ರವಚನ ಕೇಳಿದ ಯಾರೋ ಭಕ್ತರದು ಅಂದುಕೊಂಡರು. ದಿನವಿಡೀ ಬಾಯಲ್ಲಿಟ್ಟುಕೊಂಡು ರಸ ನುಂಗಿದರು. ಸಂಜೆಗೆ ಗಂಟಲು ಬಿಟ್ಟುಕೊಂಡಿತು.

ಎರಡನೆಯ ಸಂಜೆ ನಾನು ಮೈದಾನಕ್ಕೆ ಹೋಗಿರಲಿಲ್ಲ. ಮನೆಯಲ್ಲಿ ಕಿರೀಟಕ್ಕೆ ಗಾಜಿನ ಮಣಿ ಅಂಟಿಸುತ್ತ ಕೂತಿದ್ದೆ. ಹೋಗದಿದ್ದರೇನು, ಲೌಡ್‌ಸ್ಪೀಕರು ಊರಿನ ಪ್ರತಿ ಕಂಬಕ್ಕೂ ಕಟ್ಟಿತ್ತು. ಶುರುವಿನಲ್ಲಿ ಸಯಾ, "ನನ್ನ ಗೇಟಿಗೆ ಶುಂಠಿ ಕಟ್ಟಿ ಹೋದ ಪುಣ್ಯವಂತರು ಯಾರೋ, ಇವತ್ತಿನ ಪುಣ್ಯದಲ್ಲಿ ಅವರಿಗೂ ಸಮಪಾಲು," ಅಂದರು. ಇಡೀ ಮೈದಾನ ಸಾಧು ಅಂದಿತು.

ಆಮೇಲೆ ಭಿಕ್ಷು ಎಳ್ಳಿನ ಹೊಲದ ಮಾತು ತೆಗೆದರು. ಹೊಲದಲ್ಲಿ ಒಂದು ಕಡ್ಡಿ ಕಳೆ ಬಂತು, ನೀವು ಪಾಪ ಅಂತ ಬಿಟ್ಟಿರಿ. ಈಗ ಅದರ ಅಂಗಡಿಗೆ ಹೋಗಿ ದುಡ್ಡು ಸುರಿಯುತ್ತೀರಿ, ಅದರ ಮಕ್ಕಳು ನಿಮ್ಮ ಮಕ್ಕಳಿಗಿಂತ ಹೆಚ್ಚು. ಕಳೆ ಅಂಗಡಿ ಇಟ್ಟಿದ್ದನ್ನು ನನ್ನ ಜೀವಮಾನದಲ್ಲಿ ನಾನು ಕಂಡಿಲ್ಲ. ಯಾವ ಕಳೆ ಎಂದು ಕೂತವರಿಗೆಲ್ಲ ಗೊತ್ತಿತ್ತು. ಧ್ವನಿ ಮಾತ್ರ ಬೆಣ್ಣೆ. ಒಂದು ಕೆಟ್ಟ ಪದ ಇಲ್ಲ. "ಒಳ್ಳೆಯ ರೈತನಾದವನು ಕಳೆಯನ್ನು ಬೇರು ಸಮೇತ..." ಎಂದು ನಿಲ್ಲಿಸಿದರು.

ಜನ ಮುಗಿಸಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಲೌಡ್‌ಸ್ಪೀಕರಿನಲ್ಲಿ ಗಾಳಿಯ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಅಲ್ಲಿ ಕೂತಿದ್ದವರಲ್ಲಿ ಎಷ್ಟೋ ಮಂದಿ ಬೆಳಿಗ್ಗೆ ಯಾಕೂಬನ ಅಂಗಡಿಯಲ್ಲಿ ಅಳತೆ ಕೊಟ್ಟು ಬಂದವರು. ಆ ಮೌನವನ್ನು ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತೋ, ನಾನು ಇವತ್ತಿಗೂ ಅದನ್ನೇ ಯೋಚಿಸುತ್ತೇನೆ. ಆದರೆ ಸಯಾಗೆ ಅರ್ಧ ವಾಕ್ಯ ಸಹಿಸಲು ಆಗುವುದಿಲ್ಲ.

"ಕೀಳಬೇಕೂ... ಬುದ್ಧೀ..."

ಎಳೆದ, ತುಂಬಿದ, ಶುಂಠಿಬೆಲ್ಲ ತಿಂದು ಹದವಾದ ಧ್ವನಿ. ಅದರ ಹಿಂದೆ ಊರು ಕೂಗಿತು. ಭಿಕ್ಷು ಮತ್ತೆ ಕೇಳಿದರು, ಊರು ಇನ್ನೂ ಜೋರಾಗಿ ಕೂಗಿತು. ಕೊನೆಗೆ ಸಾಧು, ಸಾಧು, ಸಾಧು.

ಎರಡು ವಾರ ಕಳೆದಿರಲಿಲ್ಲ. ಸಂತೆಯಲ್ಲಿ ಸೈಕಲ್ ರಿಕ್ಷಾದವನಿಗೂ ಎಣ್ಣೆ ಮಾರುವವನಿಗೂ ಬಾಯಿಗೆ ಬಾಯಿ ಹತ್ತಿತು. ಒಬ್ಬ ನಮ್ಮವನು, ಒಬ್ಬ ಅವರವನು. ಮಧ್ಯಾಹ್ನಕ್ಕೆ ಲಾರಿಗಳಲ್ಲಿ ಗಂಡಸರು ಬಂದಿಳಿದರು. ಅರ್ಧ ಜನ ಎಲ್ಲಿಯವರೋ. ಇನ್ನರ್ಧ ಜನರ ಸೊಂಟದ ಅಳತೆ ನನಗೆ ಬಾಯಿಪಾಠ. ಬೀದಿಯ ಒಂದು ತುದಿಯವರು "ಬೇರು ಸಮೇತ" ಎಂದು ಕೂಗಿದರೆ ಇನ್ನೊಂದು ತುದಿಯವರು "ಕೀಳಬೇಕೂ..." ಅನ್ನುತ್ತಿದ್ದರು. ಎಳೆತವೂ ಅದೇ, ಸಯಾ ಎಳೆದ ಹಾಗೆಯೇ.

ನಾನು ಮರಿಯಂ, ನಿಲಾ ಇಬ್ಬರನ್ನೂ ಹಿತ್ತಿಲ ದಾರಿಯಲ್ಲಿ ವಿಹಾರಕ್ಕೆ ಕರೆದುಕೊಂಡು ಓಡಿದೆ. ಅಲ್ಲಿನ ನಮ್ಮ ಹಿರಿಯ ಭಿಕ್ಷು ನಮ್ಮನ್ನು ಒಳಗೆ ಬಿಟ್ಟು ಬಾಗಿಲಿಗೆ ಅಡ್ಡ ಮಲಗಿಬಿಟ್ಟರು. ಅಟ್ಟಿಸಿಕೊಂಡು ಬಂದವರಿಗೆ, "ನನ್ನ ತುಳಿದು ಒಳಗೆ ಹೋಗ್ರಪ್ಪ," ಅಂದರು. ಬಂದ ಗಂಡಸರು ವಾಪಸು ಹೋದರು. ಯಾಕೂಬ್ ಮಾತ್ರ ನಮ್ಮ ಜೊತೆ ಬರಲಿಲ್ಲ. ಬೇಸಗೆಯ ದೀಕ್ಷೆಗಳಿಗೆಂದು, ಬಾಡಿಗೆಯದು ಬೇಡವೆಂದು ಜನ ಸ್ವಂತಕ್ಕೆ ಹೊಲಿಸಿದ ಕೋಟುಗಳು ಅಂಗಡಿಯಲ್ಲಿದ್ದವು. "ಜನರ ಸ್ವತ್ತು ಅಕ್ಕ, ಸುಟ್ಟೋದ್ರೆ ನಾನು ಯಾವ ಮುಖ ಇಟ್ಕೊಂಡು ತಿರುಗ್ಲಿ? ನೀವು ನಡೀರಿ, ಬಂದೆ," ಅಂದ. ಕೋಟುಗಳನ್ನೆಲ್ಲ ಗಂಟು ಕಟ್ಟಿ ಗೋಡೆಯ ಮೇಲಿಂದ ನನ್ನ ಹಿತ್ತಿಲಿಗೆ ಎಸೆದಿದ್ದಾನೆ. ಅಷ್ಟರಲ್ಲಿ ಅವರು ಬಂದಿದ್ದಾರೆ. ಆ ಗಂಟಿನಲ್ಲಿದ್ದ ಒಂದು ಕೋಟು, ಅವನನ್ನು ಹೊಡೆದು ಕೊಂದವರಲ್ಲಿ ಒಬ್ಬನ ತಮ್ಮನದು.

ಸಯಾ ಆ ದಿನ ಪಕ್ಕದ ಹಳ್ಳಿಯಲ್ಲಿ ಮದುವೆ ಕೂಗಲು ಹೋಗಿದ್ದರು. ಸಂಜೆ ಬಸ್ಸಿನಿಂದ ಇಳಿದಾಗ ಚೌಕದಲ್ಲಿ ಹೊಗೆ. ದರ್ಜಿಯ ಅಂಗಡಿ ಇದ್ದಲ್ಲಿ ಹೊಲಿಗೆ ಮಷೀನಿನ ಕಬ್ಬಿಣ ಮಾತ್ರ ನಿಂತಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಹಾಗೆ ಪೊಲೀಸರು ಆಗ ತಾನೇ ಬಂದು ಸಾಲಾಗಿ ನಿಂತಿದ್ದರು.

ಕೆಲವು ಹುಡುಗರಿಗೆ ಜೈಲಾಯಿತು. ಆ ಪ್ರವಚನಕಾರ ಭಿಕ್ಷುವನ್ನು ಯಾರೋ ಕೇಳಿದ್ದಕ್ಕೆ, "ನಾನು ಬೇಸಾಯದ ಮಾತಾಡಿದೆ. ಕೀಳಿ ಎಂದು ನಾನು ಹೇಳಿದ್ದನ್ನು ತೋರಿಸಿ. ಅವರವರ ಕರ್ಮ ಅವರವರದು," ಅಂದರಂತೆ. ನಿಜವೇ. ಆ ಪ್ರವಚನದ ಸಿ.ಡಿ. ಚಹಾ ಅಂಗಡಿಗಳಲ್ಲೆಲ್ಲ ಓಡುತ್ತಿತ್ತು, ಎಷ್ಟು ಸಲ ಕೇಳಿದರೂ ಆ ಪದ ಅವರ ಬಾಯಲ್ಲಿ ಇಲ್ಲ. ಅದು ಇರುವುದು ನಮ್ಮ ಊ ಲುನ್ ಮೌಂಗ್ ಧ್ವನಿಯಲ್ಲಿ.

ಒಂದು ದಿನ ಚಹಾ ಅಂಗಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದ ಸಯಾಗೆ ಊ ಟುನ್ ಧೈರ್ಯ ಹೇಳಿದರು. "ನೀವ್ಯಾಕೆ ಸಯಾ ಕೊರಗ್ತೀರಾ? ನೀವೇನು ಕತ್ತಿ ಹಿಡ್ದಿದ್ರಾ? ಕತ್ತಿ ಮಾಡಿದ ಕಮ್ಮಾರನ್ನ ಯಾರಾದ್ರೂ ಜೈಲಿಗೆ ಹಾಕ್ತಾರಾ?"

ನನಗೆ ತಡೆಯಲಾಗಲಿಲ್ಲ. "ಕಮ್ಮಾರ ಕತ್ತಿ ಕೊಟ್ಟು ಸುಮ್ಮನಾಗ್ತಾನೆ ಅಣ್ಣ. ಅಗೋ ಅಲ್ಲಿದೆ ಕುತ್ತಿಗೆ ಅಂತ ಬೆಟ್ಟು ಮಾಡಿ ತೋರಿಸಲ್ಲ. ಮೈದಾನದ ಬಾಡಿಗೆ ಕೊಟ್ಟೋರು ಯಾರು ಅಂತಾನೂ ಊರಿಗೆ ಗೊತ್ತಿದೆ."

"ನಿನ್ನ ನಾಲಗೆಗೆ ಒಂದು ಬೀಗ ಹಾಕ್ಸು ಮೋ."

"ಹಾಕ್ಸೋಣ. ಮೊದಲು ದೊಡ್ಡೋರಿಗೆ ಹಾಕ್ಸಿ, ಆಮೇಲೆ ನನಗೆ."

ಸಯಾ ಇಬ್ಬರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಎದ್ದು ವಿಹಾರಕ್ಕೆ ಹೋದರು. ನಾನೂ ಹಿಂದೆ ಹೋದೆ, ಆ ದಿನಗಳಲ್ಲಿ ಅವರನ್ನು ಒಂಟಿಯಾಗಿ ಬಿಡಲು ನನಗೆ ಭಯವಾಗುತ್ತಿತ್ತು. ಹಿರಿಯ ಭಿಕ್ಷು ಆಲದ ಕಟ್ಟೆಯ ಮೇಲೆ ಕೂತಿದ್ದರು. ಸಯಾ ಅಡ್ಡಬಿದ್ದು ಕೇಳಿದರು: "ಬುದ್ಧಿ, ಕಾಸು ಕೊಡದವನೂ ಸಾಧು ಅಂದ್ರೆ ಪುಣ್ಯದ ಪಾಲು ಬರುತ್ತೆ ಅಂತೀವಿ. ಪಾಪಕ್ಕೂ ಹಂಗೇನಾ?"

ಭಿಕ್ಷು ಅವರನ್ನು ಎಬ್ಬಿಸಿ ಎದುರಿಗೆ ಕೂರಿಸಿಕೊಂಡರು. ಆಮೇಲೆ, "ಮನಸ್ಸಲ್ಲಿ ಇದ್ದದ್ದೇ ಕರ್ಮ ಅಂತ ಶಾಸ್ತ್ರ ಹೇಳುತ್ತೆ ಲುನ್ ಮೌಂಗ್. ಆ ಮಾತು ಅನ್ನುವಾಗ ನಿನ್ನ ಮನಸ್ಸಲ್ಲಿ ಏನಿತ್ತು?" ಅಂದರು.

"ಗಂಟಲು ಎಲ್ಲಿ ಒಡೆಯುತ್ತೋ ಅಂತಿತ್ತು."

"ಯಾಕೂಬನ ಮೇಲೆ ದ್ವೇಷ?"

"ಅವನ ನೆನಪೇ ಇರಲಿಲ್ಲ ಬುದ್ಧಿ. ಯಾರ ನೆನಪೂ ಇರಲಿಲ್ಲ."

"ಹಾಗಾದ್ರೆ ಶಾಸ್ತ್ರ ನಿನ್ನ ಬಿಟ್ಟುಬಿಡುತ್ತೆ."

"ಅದೇ ನನಗೆ ತಡೆಯೋಕಾಗ್ತಿಲ್ಲ. ಅಷ್ಟು ದೊಡ್ಡ ಮಾತು ಬಾಯಿಂದ ಹೋಗುವಾಗ ಒಳಗೆ ಏನೂ ಇರಲಿಲ್ಲವಲ್ಲ. ಸಿಟ್ಟಾದ್ರೂ ಇದ್ದಿದ್ರೆ ಇದು ನಂದು ಅಂತ ಹಿಡ್ಕೊಬೋದಿತ್ತು."

ಭಿಕ್ಷು ಅವರ ತಲೆಯ ಮೇಲೆ ಕೈ ಇಟ್ಟರು. "ಶಾಸ್ತ್ರ ಬಿಟ್ರೂ ನೀನು ಬಿಡಬೇಡ," ಅಂದರು.

ಕಸೋನ್ ಹುಣ್ಣಿಮೆ ಬಂತು. ಊರಿನ ಹೆಂಗಸರೆಲ್ಲ ತಲೆಯ ಮೇಲೆ ಬಿಂದಿಗೆ ಹೊತ್ತು ಬೋಧಿವೃಕ್ಷಕ್ಕೆ ನೀರೆರೆಯಲು ಹೋಗುವ ದಿನ. ಚೌಕದಲ್ಲಿ ಚಪ್ಪರ ಹಾಕಿ, ಮೈಕಿಟ್ಟು, ದಾನಿಗಳ ಹೆಸರು ಕೂಗಲು ಎಂದಿನಂತೆ ಸಯಾರನ್ನು ಕೂರಿಸಿದ್ದರು. ಎದುರಿಗೆ ಸುಟ್ಟ ಅಂಗಡಿ. ಒಂದಷ್ಟು ಹೆಸರು ಸರಿಯಾಗಿಯೇ ಓದಿದರು: ಇಂಥವರ ಮನೆಯಿಂದ ಅಕ್ಕಿ, ಇಂಥವರಿಂದ ಎಣ್ಣೆ. ಆಮೇಲೆ ಎದ್ದು ನಿಂತರು. ಅದೇ ರಾಗದಲ್ಲಿ, ಏರಿಳಿತವೂ ತಪ್ಪದ ಹಾಗೆ, ಕೂಗಿದರು:

"ತಬೇಗೋನಿನ ದರ್ಜಿ ಯಾಕೂಬನ ಕೊಲೆ. ಮಾಡಿದ ಕೈಗಳು ಜೈಲಲ್ಲಿವೆ. ಮಾತು ಎತ್ತಿದ ಬಾಯಿ ಕಾರಲ್ಲಿ ಓಡಾಡ್ತಿದೆ. ಮುಗಿಸಿದ ಬಾಯಿ ನಂದು. ಹಿಂದಿಂದ ಕೂಗಿದ್ದು ನೀವು. ಬಂದ ಪಾಪವನ್ನ ಒಬ್ಬನೇ ಇಟ್ಕೊಳ್ಳೋಕಾಗಲ್ಲ. ಸಮಪಾಲು, ಸಮಪಾಲು, ಸಮಪಾಲು, ಎಲ್ಲರೂ ತಗೊಂಡು ಹೋಗೀ..."

ಗಂಟೆ ಬಾರಿಸಿದರು. ಬಿಂದಿಗೆ ಹೊತ್ತ ಹೆಂಗಸರು ನಿಂತಲ್ಲೇ ನಿಂತರು. ಗಂಟೆಯ ನಾದ ಕರಗಿ ಹೋಗುವವರೆಗೂ ಒಬ್ಬರೂ ತುಟಿ ಬಿಚ್ಚಲಿಲ್ಲ. ಪುಣ್ಯವೆಂದರೆ ಬಸ್ಸಿನ ಕಿಟಕಿಯಿಂದ ಕತ್ತು ಚಾಚುವ ಊರು ಇದು. ಸಯಾ ಎರಡನೆಯ ಸಲ ಕೂಗಲು ಉಸಿರು ತೆಗೆದುಕೊಂಡಾಗ ಊ ಟುನ್ ಕಡೆಯವನೊಬ್ಬ ಮೈಕಿನ ವೈರು ಕಿತ್ತ.

ಅಲ್ಲಿಗೆ ಅವರ ವೃತ್ತಿ ಮುಗಿಯಿತು. ತಲೆ ಕೆಟ್ಟಿದೆ ಅಂದರು, ಅಪಶಕುನ ಅಂದರು. ಮಗನ ದೀಕ್ಷೆಯ ದಿನ ಹಾಗೆ ಕೂಗಿಬಿಟ್ಟರೆ ಗತಿಯೇನು ಎಂದು ತಾಯಂದಿರು ಹೆದರಿ ಪಕ್ಕದೂರಿನ ಎಳೆಯ ಸಯಾನನ್ನು ಕರೆಸತೊಡಗಿದರು. ಇವರು ವಿಹಾರದ ಅಂಗಳ ಗುಡಿಸಿಕೊಂಡು ಅಲ್ಲೇ ಒಂದು ಹೊತ್ತು ಊಟ ಮಾಡುತ್ತಿದ್ದರು. ಮಾತಾಡಿದರೆ ಪಿಸುಮಾತು. ಹತ್ತಿರ ಕೂತರೂ ನಾನು "ಏನಂದ್ರಿ?" ಎಂದು ಕೇಳಬೇಕಾಗುತ್ತಿತ್ತು. ನನಗೋ ಅಳು ಬರುತ್ತಿತ್ತು, ತೋರಿಸದೆ ಬಯ್ಯುತ್ತಿದ್ದೆ.

ಮಾರನೆಯ ವರ್ಷ ಚಳಿ ಬಿದ್ದಾಗ ಮರಿಯಂ ಬಂದಳು. ವಿಹಾರದಿಂದ ಅವರನ್ನು ಕರೆದೊಯ್ದಿದ್ದ ನಿರಾಶ್ರಿತರ ಶಿಬಿರದಿಂದ ಬಿಟ್ಟ ಮೇಲೆ ದೊಡ್ಡ ಊರಿನ ನೆಂಟರ ಮನೆಯಲ್ಲಿದ್ದಳು. ಜೊತೆಯಲ್ಲಿ ನಿಲಾ, ನನ್ನ ಭುಜಕ್ಕೆ ಬಂದಿದ್ದಾಳೆ. ಗಂಡ ಎಸೆದ ಗಂಟನ್ನು ನೋಡಬೇಕು ಅಂದಳು. ಒಯ್ಯಲು ಯಾರೂ ಬಂದಿರಲಿಲ್ಲ, ಹಾಗೇ ಪೆಟ್ಟಿಗೆಯಲ್ಲಿಟ್ಟಿದ್ದೆ. ಒಂದೊಂದೇ ಕೋಟು ಬಿಡಿಸಿ, ಚಮಕಿಯ ಮೇಲೆ ಬೆರಳಾಡಿಸಿ, ಮಡಿಸಿಡುತ್ತಿದ್ದಳು. ವಾರಗಟ್ಟಲೆ ಕೂತು ಹೊಲಿದ ಒಂದರಲ್ಲಿ ಎಡತೋಳಿನ ಚಮಕಿ ಅರ್ಧಕ್ಕೆ ನಿಂತಿತ್ತು. ಅದನ್ನು ಮಾತ್ರ ಮಡಿಲಲ್ಲೇ ಇಟ್ಟುಕೊಂಡಳು.

ಸಯಾಗೆ ನಾನೇ ಹೇಳಿ ಕಳಿಸಿದ್ದೆ. ಬಂದು ಬಾಗಿಲ ಬಳಿ ನೆಲದ ಮೇಲೆ ಕೂತರು. ನಾನು ಚಹಾ ಬಗ್ಗಿಸಿದೆ, ಉಪ್ಪಿಗೆ ಹಾಕಿದ ಚಹಾ ಎಲೆ, ಹುರಿದ ಎಳ್ಳು ಇಟ್ಟೆ. ಯಾರೂ ಮುಟ್ಟಲಿಲ್ಲ.

"ಮರಿಯಂ," ಅಂದರು. "ಆ ಸಿ.ಡಿ.ಯಲ್ಲಿರೋ ಧ್ವನಿ ನಂದು."

"ಗೊತ್ತು ಸಯಾ. ನಿಮ್ಮ ಧ್ವನಿ ನಮಗೆ ಗೊತ್ತಾಗಲ್ವಾ?"

"ನನ್ನ ಪಾಲು ಎಷ್ಟು ಅಂತ ಯಾರೂ ಹೇಳ್ತಿಲ್ಲ. ಒಬ್ಬರು ಏನೂ ಇಲ್ಲ ಅಂತಾರೆ, ಒಬ್ಬರು ಶಾಸ್ತ್ರ ಬಿಟ್ಟುಬಿಡುತ್ತೆ ಅಂತಾರೆ. ಊರು ಬಾಯೇ ಬಿಡಲ್ಲ. ನೀನು ಹೇಳು ತಾಯಿ. ಪೂರ್ತಿ ನಂದೇ ಅಂದ್ರೂ ತಗೊಂಡು ಹೋಗ್ತೀನಿ. ಕ್ಷಮಿಸು ಅಂತ ಕೇಳ್ತಿಲ್ಲ."

ಮರಿಯಂ ಕೋಟಿನ ಅರ್ಧ ತೋಳನ್ನು ಸವರುತ್ತಿದ್ದಳು. ಸಿಟ್ಟು ಮಾಡಲಿಲ್ಲ. ಬಯ್ದಿದ್ದರೆ ಸಯಾ ಬದುಕಿಕೊಳ್ಳುತ್ತಿದ್ದರು ಎಂದು ನನಗೆ ಈಗಲೂ ಅನ್ನಿಸುತ್ತದೆ.

"ಅದೆಲ್ಲ ನನಗೆ ತಿಳಿಯಲ್ಲ ಸಯಾ," ಅಂದಳು. "ಮೊದಲನೇ ದಿನ ನಾವು ಮೆಟ್ಟಿಲ ಮೇಲೆ ಕೂತು ಕೇಳ್ತಿದ್ವಿ. ಸಯಾ ಗಂಟಲು ಕಟ್ಟಿಬಿಟ್ಟಿದೆ, ಒಂಟಿ ಮನುಷ್ಯ, ಯಾರು ನೋಡ್ತಾರೆ ಅಂತ ನಮ್ಮನೆಯವರೇ ಎದ್ದು ಶುಂಠಿ ಕುಟ್ಟಿದ್ರು. ಬೆಲ್ಲ ನಾನು ಕಾಸಿದೆ. ಬೆಳಿಗ್ಗೆ ನಮಾಜಿಗೆ ಹೋಗೋವಾಗ ನಿಮ್ಮ ಗೇಟಿಗೆ ಕಟ್ಟಿ ಹೋದ್ರು. ಪ್ರವಚನದ ಸಮಯ, ನಮ್ಮ ಹೆಸರು ಬೇಡ ಅಂದ್ರು."

ಸಯಾ ತುಟಿ ಅಲ್ಲಾಡಿಸಿದರು, ಸದ್ದಿರಲಿಲ್ಲ. ಕೊನೆಗೆ, "ಎರಡನೇ ದಿನ?" ಎಂದು ಕೇಳಿದ್ದು ನನಗೆ ಹೇಗೋ ತಿಳಿಯಿತು. ನಾನೇ ಅದನ್ನು ಮರಿಯಂಗೆ ಕೇಳುವಂತೆ ಹೇಳಿದೆ.

"ಎರಡನೇ ದಿನ ಕೆಲಸ ಇತ್ತು, ಒಳಗೇ ಇದ್ವಿ. ನೀವು ಅದನ್ನ ಕೂಗಿದಾಗ ಇವರು ಮಷೀನ್ ನಿಲ್ಲಿಸಿದ್ರು. ನಾನು ಇವರ ಮುಖಾನೇ ನೋಡ್ತಿದ್ದೆ. ಸ್ವಲ್ಪ ಹೊತ್ತು ಬಿಟ್ಟು, ಸಯಾ ಗಂಟಲು ಸರಿಹೋಯ್ತು ಅಂದ್ರು."

"ಆಮೇಲೆ?" ಅಂದೆ ನಾನು.

"ಆಮೇಲೆ ಏನೂ ಅನ್ಲಿಲ್ಲ ಅಕ್ಕ. ಮಷೀನ್ ತುಳೀತಾ ಕೂತ್ರು. ಈ ಕೋಟು ಮುಗಿಸೋದಿತ್ತು."